ಮೆಷಿನ್ನಿಗೆ ಹಾಕಿದ ಕಂಬಳಿ

ಸೊಸೆ ಅನಸೂಯ ತವರಿಗೆ ಹೋಗಿದ್ದಾಗ ಪುಟ್ಟಕ್ಕ ತನ್ನ ಕರಿ ಕಂಬಳಿಯನ್ನು ವಾಷಿಂಗ್ ಮೆಷಿನ್ನಿಗೆ ತುರುಕಿದ್ದಳು. ಅಂದಿನಿಂದ ಅದರ ಬಾಗಿಲಲ್ಲಿ ನೀರು ಸೋರುತ್ತಿತ್ತು. ಸೊಸೆಗೆ ತಿಳಿದರೆ ಮುಖ ತೋರಿಸುವುದು ಹೇಗೆಂದು ಪುಟ್ಟಕ್ಕ ಬಾಯಿಬಿಟ್ಟಿರಲಿಲ್ಲ.

ರಿಪೇರಿಗೆ ಶಿರಾದಿಂದ ಬಂದ ಖಲೀಲುಲ್ಲಾ ಬಾಗಿಲ ರಬ್ಬರಿನ ಮಡಿಕೆಯಲ್ಲಿ ಬೆರಳಾಡಿಸಿ, ಕರಿ ಉಣ್ಣೆಯ ಉಂಡೆಯೊಂದನ್ನು ಎಳೆದು, ಪಕ್ಕದಲ್ಲಿ ನಿಂತಿದ್ದ ಪುಟ್ಟಕ್ಕನ ಮುಖ ಪೆಚ್ಚಾದದ್ದು ಕಂಡು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

“ಏನಿತ್ತು ಖಲೀಲಣ್ಣ?” ಎಂದಳು ಅನಸೂಯ.

“ಕಸ ಕಣಮ್ಮ. ಬಾಗ್ಲು ಸರಿಯಾಗಿ ಕೂರ್ತಿರ್ಲಿಲ್ಲ. ರಬ್ಬರ್ ಒರೆಸ್ತಾ ಇರಿ, ಸಾಕು.”

ಅವಳು ಟೀ ಇಡಲು ಒಳಹೋದಳು.

“ಮಾನ ಉಳಿಸ್ದೆ ಕಣಪ್ಪ,” ಎಂದಳು ಪುಟ್ಟಕ್ಕ ಮೆಲ್ಲಗೆ. “ಸೊಂಟ ಬಗ್ಗಲ್ಲ, ಅದ್ಕೇ ಕಂಬ್ಳೀನ ಅದ್ರೊಳಕ್ಕೆ ಹಾಕ್ಬುಟ್ಟೆ.”

“ನಂಗೇಳಿದ್ರೆ ನಾನೇ ಒಗೀತಿದ್ದೆ ಕಣತ್ತೆ,” ಅಡುಗೆಮನೆಯಿಂದ ಅನಸೂಯಳ ದನಿ ಬಂತು. “ಇನ್ಮೇಲೆ ನಂಗ್ ಕೊಡಿ.”

ಇಬ್ಬರಲ್ಲಿ ಮೊದಲು ಯಾರಿಗೆ ಕೈಮುಗಿಯಬೇಕೆಂದು ಪುಟ್ಟಕ್ಕನಿಗೆ ತಿಳಿಯಲಿಲ್ಲ.