ಹೆಸರಿಡದ ತೊಟ್ಟಿಲು

ನಾನು ಒಂದು ಚಿತ್ರ. ಗದಗಿನ ಡ್ರಾಯಿಂಗ್ ಮಾಸ್ತರ ಕಾಳಪ್ಪ ಪತ್ತಾರರು ಬರೆದದ್ದು. ನನ್ನೊಳಗೆ ಒಂದು ಮರದ ತೊಟ್ಟಿಲಿದೆ, ಅದರಲ್ಲಿ ಮಡಿಚಿಟ್ಟ, ಕೂಸಿನ ತಲೆಗೆ ಹಾಕುವ ಹಳದಿ ಕುಲಾಯಿ. ಕೂಸಿಲ್ಲ.

ಕೂಸು ಇತ್ತು, ಮಾಸ್ತರರದೇ ಹೆಣ್ಣು ಕೂಸು. ಹೆಸರಿಡುವ ದಿನ ಬರುವ ಮುಂಚೆಯೇ ಹೋಗಿಬಿಟ್ಟಿತು. ಆ ಮನೆತನದಲ್ಲಿ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗಬೇಕು. ಅಲ್ಲಿಯವರೆಗೆ ತಾಯಿ ತಾನು ಆರಿಸಿದ ಹೆಸರನ್ನು ಯಾರ ಮುಂದೂ ಬಾಯಿ ಬಿಡುವಂತಿಲ್ಲ. ಗುದ್ದು ತಿನ್ನಲು ಬಂದಿದ್ದ ಮಾಸ್ತರರ ತಂಗಿ ಕಾಶಿಬಾಯಿ ಅಳುತ್ತ ಊರಿಗೆ ಮರಳಿದಳು. ಮಾಸ್ತರರು ಅಳಲಿಲ್ಲ. ನನ್ನನ್ನು ಬರೆದರು.

ಬಣ್ಣ ಇನ್ನೂ ಹಸಿಯಾಗಿತ್ತು. ಅವರ ಹೆಂಡತಿ ಸಾವಂತ್ರವ್ವ ಬಂದು ನನ್ನ ಮುಂದೆ ನಿಂತಳು.

“ಇದಕ್ಕರ ಒಂದು ಹೆಸರಿಡ್ರಿ. ನಾ ಹೇಳ್ತೀನಿ.”

“ಚಿತ್ರಕ್ಕ ಹೆಸರ್ಯಾಕ? ಇಟ್ಟರ ಮಂದಿ ಹೆಸರ ಓದಿ ಹೋಗ್ತಾರ, ಚಿತ್ರ ನೋಡೂದಿಲ್ಲ. ನಾ ಯಾವ ಚಿತ್ರಕ್ಕೂ ಇಟ್ಟಿಲ್ಲ.”

“ಯಾವ ಹೆಸರು ಅಂತನರ ಕೇಳ್ರಿ.”

“ಬ್ಯಾಡ ಅಂದ್ನೆಲ್ಲ!”

ಮಾತೇನೋ ದೊಡ್ಡದು, ಒಪ್ಪೋಣ. ಆದರೆ ತೊಳೆದ ಕುಂಚವನ್ನೇ ಅವರು ಮತ್ತೆ ಮತ್ತೆ ತೊಳೆದದ್ದನ್ನು ನಾನು ನೋಡಿದ್ದೇನೆ. ಆ ಹೆಸರು ಕಿವಿಗೆ ಬಿದ್ದರೆ ತಾನು ತಡೆಯಲಾರೆ ಎಂಬ ಅಂಜಿಕೆ ಪಾಪ ಆ ಮನುಷ್ಯನಿಗೆ.

ಮಾಸ್ತರರು ಶಾಲೆಗೆ ಹೋದ ಮೇಲೆ ಸಾವಂತ್ರವ್ವ ಸೆರಗಿನಿಂದ ನನ್ನ ಧೂಳು ಒರೆಸುತ್ತಿದ್ದಳು. ಆಮೇಲೆ ಚೌಕಟ್ಟಿನ ಮೂಲೆಗೆ ತುಟಿ ತಂದು ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಿದ್ದಳು. ಎಷ್ಟೋ ವರ್ಷ ಹೀಗೇ ನಡೆಯಿತು. ಗಂಡನಿಗೆ ಮತ್ತೆ ಹೇಳಲು ಹೋಗಲಿಲ್ಲ, ಅವಳಿಗೂ ಹಟ.

ಹುಬ್ಬಳ್ಳಿಯ ಹೆರಿಗೆ ಆಸ್ಪತ್ರೆಯ ಡಾಕ್ಟರಬಾಯಿ ಒಮ್ಮೆ ಮನೆಗೆ ಬಂದವರು ನನ್ನನ್ನು ಮೆಚ್ಚಿದರು. ಮಾಸ್ತರರು ಹಿಂದೆ ಮುಂದೆ ನೋಡದೆ ಕೊಟ್ಟೇಬಿಟ್ಟರು. ಸಾವಂತ್ರವ್ವ ತನ್ನ ಹಳೆಯ ಸೀರೆಯಲ್ಲಿ ನನ್ನನ್ನು ಸುತ್ತಿದಳು. “ನನ್ನ ಕೂಸಿನ್ನ ಕೊಟ್ಟು ಕಳಸಾಕತ್ತೀರಿ” ಎಂದಷ್ಟೇ ಅಂದಳು.

ಆಸ್ಪತ್ರೆಯಲ್ಲಿ ಗದ್ದಲವಾಯಿತು. “ಅಯ್ಯ ನಮ್ಮವ್ವ, ಬಸುರಿಯರ ಎದುರಿಗೆ ಬರೇ ತೊಟ್ಟಿಲೇನ? ತಗೀರಿ ಅದನ್ನ!” ಎಂದು ಒಬ್ಬ ಮುದುಕಿ ಬಾಯಿ ಮಾಡಿದಳು. ಡಾಕ್ಟರಬಾಯಿ ಜಾಣೆ. ಕೆಳಗೆ ಒಂದು ಚೀಟಿ ಅಂಟಿಸಿದರು: ‘ಬರಲಿರುವ ಕೂಸಿಗೆ’. ತಗೋ, ಅದೇ ತೊಟ್ಟಿಲು, ಅದೇ ಕುಲಾಯಿ, ಬಸುರಿಯರು ನೋಡಿ ನಗತೊಡಗಿದರು! ಮಾಸ್ತರರ ಮಾತು ಸುಳ್ಳಲ್ಲ, ಮಂದಿ ಚೀಟಿ ಓದಿಯೇ ಹೋಗುತ್ತಿದ್ದರು. ಅವರ ಹೊಟ್ಟೆ ತಣ್ಣಗಿರಲಿ. ಆದರೆ ಹೋದ ಕೂಸನ್ನು ನೆನೆಯುವವರು ಅಲ್ಲಿ ಒಬ್ಬರೂ ಇರಲಿಲ್ಲ, ನನಗೆ ಸಂಕಟವಾಗುತ್ತಿತ್ತು.

ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋಯಿತು. ನಾನು ಮುರಿದ ಮಂಚಗಳ ಜೊತೆ ಹಳೆಯ ಕೋಣೆಯಲ್ಲಿ ಉಳಿದೆ. ಚೀಟಿ ಉದುರಿತು, ಹಳದಿ ಮಾಸಿತು.

ಒಂದು ಮಧ್ಯಾಹ್ನ ಬಾಗಿಲು ತೆರೆಯಿತು. ಮಾಸ್ತರರು! ಕೋಲು ಹಿಡಿದು ಬಂದಿದ್ದರು, ಹಿಂದೆ ತಲೆ ನೆರೆತ ಕಾಶಿಬಾಯಿ.

“ಸಾವಂತ್ರಿ ಹ್ವಾದ ಮ್ಯಾಲ ಮನ್ಯಾಗ ಕುಂದ್ರಾಕ ಆಗವಲ್ದು, ಕಾಶಿ. ಸಾಯೂಮುಂದ ತೊಟ್ಟಿಲಾ ತೊಟ್ಟಿಲಾ ಅಂದ್ಲು. ಈಗರ ಹೆಸರಿಟ್ಟುಬಿಡು.”

ಕಾಶಿಬಾಯಿ ಸೆರಗು ಹೊದ್ದು ನನ್ನತ್ತ ಬಗ್ಗಿದಳು. ಬಗ್ಗಿದವಳೇ ತಿರುಗಿ ಕೇಳಿದಳು: “ಏನಂತ ಇಡಲಿ, ಅಣ್ಣಾ?”

ಗುದ್ದಲೆಂದು ಮಾಸ್ತರರು ಎತ್ತಿದ್ದ ಕೈ ಹಾಗೇ ತಂಗಿಯ ಬೆನ್ನ ಮೇಲೆ ಇಳಿಯಿತು.

“ನಾ ಕೇಳಲೇ ಇಲ್ಲವ್ವಾ. ಅಕಿ ಹೇಳ್ತೀನಿ ಅಂದ್ಲು, ನಾ ಕೇಳಲೇ ಇಲ್ಲ.”

ಇಬ್ಬರೂ ಅತ್ತರು. ಅಂದು ಅಳದ ಮಾಸ್ತರರು ಮುರಿದ ಮಂಚದ ಮೇಲೆ ಕುಳಿತು ಮಗುವಿನಂತೆ ಅತ್ತರು. ಕಾಶಿಬಾಯಿಯ ಕಿವಿ ನನಗೆ ಎಷ್ಟು ಹತ್ತಿರವಿತ್ತು! ನನಗೆ ಬಾಯಿಯಿಲ್ಲ. ಅವರು ಬರಿಗೈಯಲ್ಲಿ ಹೋದರು, ಮತ್ತೆ ಬರಲಿಲ್ಲ.

ಈಗ ಇಲ್ಲಿ ಕೇಳುವವರು ನೀವೊಬ್ಬರೇ. ಸ್ವಲ್ಪ ಬಗ್ಗಿ, ಕಿವಿ ಕೊಡಿ. ಅವಳ ಹೆಸರು ಶಿವಲೀಲಾ.