ಬಿಳಿ ದೀಪ ಹಾಕಿ ತೋರಿಸು

ಹಲ್ಲಕ್ಕ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ ವಾರದಲ್ಲೇ ಅವಳ ಅಕ್ವೇರಿಯಂನ ದೀಪವೂ ಕೈಕೊಟ್ಟಿತು. ಕೃತಕ ಹಲ್ಲು ತಯಾರಿಸುವುದು ಅವಳ ಕಸುಬು, ಹೆಸರು ಬಂದದ್ದೂ ಅದರಿಂದಲೇ. ಮನೆಯ ಮುಂಗೋಣೆಯಲ್ಲಿ ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ನಾಲ್ಕಾರು ಮೀನು, ನಡುವೆ ಕಲ್ಲಿನ ಮೇಲೆ ಒಂದು ಹಸಿರು ಹವಳ. ಹೆಬ್ಬೆರಳಿನಷ್ಟಿದ್ದ ತುಂಡನ್ನು ತಂದು ಊಟದ ತಟ್ಟೆಯಷ್ಟಗಲ ಬೆಳೆಸಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಹಾಗಂತ ಯಾರಾದರೂ ಅಯ್ಯೋ ಎಂದರೆ, "ಹವಳ ಇದೆಯಲ್ಲ, ಅದು ಎದುರು ಮಾತಾಡಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈ ಹವಳಕ್ಕೆ ಬೆಳಕೇ ಊಟ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಮನೆಮಾಡಿಕೊಂಡಿರುತ್ತದೆ. ಬೆಳಕು ಬಿದ್ದರೆ ಅದೇ ಅಡುಗೆ ಮಾಡಿ ಹವಳಕ್ಕೆ ಬಡಿಸುತ್ತದೆ, ಬಣ್ಣವನ್ನೂ ಕೊಡುತ್ತದೆ. ದೀಪ ಆರಿದರೆ ಉಪವಾಸ. ಅದಕ್ಕೇ ಹಲ್ಲಕ್ಕ ಆಸ್ಪತ್ರೆಯ ಮಂಚದಿಂದಲೇ ತಮ್ಮನಿಗೆ ಫೋನು ಮಾಡಿದಳು.

"ಲೋ, ಹೊಸ ದೀಪ ಹಾಕೋ. ದುಬಾರಿದು ಬೇಡ. ನಾನು ಎದ್ದು ಕೆಲಸಕ್ಕೆ ಹೋಗೋವರೆಗೂ ಕೈ ಬಿಗಿ. ಕಡಿಮೆ ಬೆಲೇಲಿ ಒಳ್ಳೇದು ನೋಡಿ ತಗೋ."

"ಬೆಳಕಿನ ವಿಷಯ ತಾನೇ? ನನಗೆ ಬಿಡಕ್ಕ" ಎಂದ ತಮ್ಮ.

ತಮ್ಮನನ್ನು ಎಲ್ಲರೂ ಝಗಮಗ ಎಂದೇ ಕರೆಯುತ್ತಿದ್ದರು. ಬಟ್ಟೆಯಂಗಡಿ, ಚಪ್ಪಲಿಯಂಗಡಿಗಳ ಗಾಜಿನ ಕಿಟಕಿಗೆ ದೀಪ ಜೋಡಿಸುವುದು ಅವನ ಕೆಲಸ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಅಂಗಿಯೂ ಅವನ ದೀಪದ ಕೆಳಗೆ ಮದುಮಗನ ಹಾಗೆ ನಿಲ್ಲುತ್ತಿತ್ತು. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಬಲ್ಲೆ ಎಂಬ ಜಂಬವೂ ಅಷ್ಟೇ ಇತ್ತು.

ಅಕ್ವೇರಿಯಂ ಅಂಗಡಿಯ ಒಡತಿ ಮೂರು ಎಲ್ಇಡಿ ದೀಪ ತಂದು ಮೇಜಿನ ಮೇಲಿಟ್ಟಳು. ಮೊದಲನೆಯದರ ಬೆಲೆ ಕೇಳಿ ಝಗಮಗ, "ಈ ದುಡ್ಡಿಗೆ ಸಮುದ್ರಾನೂ ಕೊಡ್ತೀರಾ?" ಎಂದ. ತೀರಾ ಅಗ್ಗದ್ದು ಬರೀ ಬಿಳಿ ಬೆಳಕಿನ ಉದ್ದ ಪಟ್ಟಿ. ಅಂಥವು ಅವನ ಉಗ್ರಾಣದಲ್ಲೇ ರಾಶಿ ಬಿದ್ದಿದ್ದವು.

"ಹಾಗಾದ್ರೆ ನನ್ನತ್ರ ಇರೋದನ್ನೇ ಹಾಕ್ಬಿಡ್ಲಾ?"

"ಅದು ಅಂಗಿ ತೋರಿಸೋಕೆ ಸರಿ. ಹವಳಕ್ಕೆ ನೀಲಿ ಬೇಕು." ಒಡತಿ ನಡುವಿನದನ್ನು ಮುಂದಕ್ಕೆ ತಳ್ಳಿದಳು. ಯಾರೂ ಹೆಸರು ಕೇಳದ ಕಂಪನಿಯದು, ನೋಡಲು ಒರಟು. ಆದರೆ ನೀಲಿಗೊಂದು, ಬಿಳಿಗೊಂದು ಬೇರೆಬೇರೆ ಗುಂಡಿ. ತಿರುಗಿಸಿದರೆ ಹೆಚ್ಚು ಕಡಿಮೆ ಮಾಡಬಹುದು. ಮೇಲೆ ಕೆಳಗೆ ಮಾಡಲು ತಂತಿ ಇತ್ತು. "ಕೊಟ್ಟ ಬೆಲೆಗೆ ಮೋಸವಿಲ್ಲ, ಇದೇ ತಗೊಳ್ಳಿ. ಆದ್ರೆ ಒಂದು ಮಾತು. ನಿಮ್ಮ ಹಳೇ ದೀಪ ಮಂಕಾಗಿತ್ತು, ಹವಳ ಅದಕ್ಕೇ ಒಗ್ಗಿದೆ. ನೀಲೀನ ಕಾಲುಭಾಗದಲ್ಲಿ ಶುರುಮಾಡಿ, ನಿಧಾನಕ್ಕೆ ಏರಿಸಿ. ಕಣ್ಣಳತೆ ನಂಬಬೇಡಿ. ನೀಲಿ ನಮ್ಮ ಕಣ್ಣಿಗೆ ಮಂಕಾಗೇ ಕಾಣತ್ತೆ, ಹವಳಾನ ಸುಟ್ಟುಬಿಡತ್ತೆ. ಬೆಳಕು ಅಳೆಯೋ ಮೀಟರ್ ಇದೆ, ಸುಮ್ನೆ ತಗೊಂಡ್ಹೋಗಿ, ಆಮೇಲೆ ತಂದುಕೊಡಿ."

ಝಗಮಗನಿಗೆ ಮೂಗಿನ ತುದಿಯಲ್ಲೇ ಕೋಪ. "ಅಮ್ಮಾ, ಬೆಳಕಲ್ಲೇ ನನ್ನ ತಲೆ ಹಣ್ಣಾಗಿದೆ. ನನ್ನ ಕಣ್ಣೇ ಮೀಟರ್."

"ನಿಮ್ಮಿಷ್ಟ" ಎಂದು ಒಡತಿ ಮೀಟರನ್ನು ಡ್ರಾಯರಿಗೆ ಹಾಕಿಕೊಂಡಳು.

ಕಾಲುಭಾಗ ನೀಲಿಯಲ್ಲಿ ತೊಟ್ಟಿ ಮಂಕು ಬಡಿದಂತಿತ್ತು. ಝಗಮಗ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದ. ಕಣ್ಣು ತುಂಬಲಿಲ್ಲ. ಪೂರ್ತಿ ತಿರುಗಿಸಿ, ದೀಪವನ್ನು ನೀರಿನ ಹತ್ತಿರಕ್ಕೆ ಇಳಿಸಿದ. ಆಗ ನೋಡಿ, ಹವಳ ಒಳಗಿನಿಂದಲೇ ಹತ್ತಿಕೊಂಡ ಹಾಗೆ ಹಸಿರಾಗಿ ಹೊಳೆಯಿತು. ಬಿಳಿ ಹಾಕಿದರೆ ಆ ಸೊಬಗೆಲ್ಲ ತೊಳೆದುಹೋಗುತ್ತಿತ್ತು, ಅದಕ್ಕೇ ಬಿಳಿಯ ಗುಂಡಿಯನ್ನು ಸೊನ್ನೆಗೆ ತಂದು ಮರೆತುಬಿಟ್ಟ. ಬಿಸಿಲು ಬಿದ್ದರೆ ಗಾಜಿಗೆ ಪಾಚಿ ಕಟ್ಟುತ್ತದೆಂದು ಹಲ್ಲಕ್ಕ ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದಳು. ಹೀಗಾಗಿ ಆ ಕೋಣೆಯಲ್ಲಿ ನೀಲಿ ಬಿಟ್ಟು ಬೇರೆ ಬೆಳಕೇ ಇರಲಿಲ್ಲ.

ದಿನಾ ಬಂದು ಮೀನಿಗೆ ಆಹಾರ ಹಾಕುತ್ತಿದ್ದ, ಫೋಟೋ ತೆಗೆದು ಕಳಿಸುತ್ತಿದ್ದ. "ಚೆನ್ನಾಗಿದೆ ಕಣೋ" ಎನ್ನುತ್ತಿದ್ದಳು ಅಕ್ಕ. ಒಮ್ಮೆ ಮಾತ್ರ, "ಒಂದ್ಸಲ ಬಿಳಿ ದೀಪ ಹಾಕಿ ತೋರಿಸು" ಎಂದಳು. "ಬಿಳಿ ಹಾಕಿದ್ರೆ ಅಂದವೇ ಹೋಗತ್ತೆ ಅಕ್ಕ" ಎಂದು ತಮ್ಮ ತೇಲಿಸಿಬಿಟ್ಟ.

ಅಕ್ಕ ಮನೆಗೆ ಬರುವ ಹಿಂದಿನ ದಿನ ಝಗಮಗನ ಹೆಂಡತಿ ಮನೆ ಗುಡಿಸಿ ಒರೆಸಲು ಬಂದಳು. ಬಂದವಳೇ, "ಏನ್ರೀ ಇದು, ಮನೇನಾ ಗುಹೇನಾ?" ಎಂದು ಪರದೆಯನ್ನು ಸರ್ರನೆ ಎಳೆದಳು. ಮಧ್ಯಾಹ್ನದ ಬೆಳಕು ತೊಟ್ಟಿಯ ಮೇಲೆ ಬಿತ್ತು. ಅವಳ ಕೈಯಲ್ಲಿದ್ದ ಪೊರಕೆ ಅಲ್ಲೇ ನಿಂತಿತು.

"ರೀ. ಇದು ಹಸಿರಲ್ವಾ ಇದ್ದದ್ದು?"

ಝಗಮಗ ನೋಡಿದ. ಹವಳ ಅಕ್ಕ ಮಾಡುವ ಹಲ್ಲುಗಳಷ್ಟೇ ಬೆಳ್ಳಗಿತ್ತು.

ಅಕ್ವೇರಿಯಂ ಅಂಗಡಿಗೆ ಓಡಿದ. ಒಡತಿ ಫೋನಿನಲ್ಲಿ ಅವನು ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದಳು. "ಸತ್ತಿಲ್ಲ. ಮೇಲಿನ ಚರ್ಮ ಇನ್ನೂ ಇದೆ. ಬೆಳಕು ಜಾಸ್ತಿಯಾಗಿ ಒಳಗಿದ್ದ ಪಾಚಿ ಬಿಟ್ಟುಹೋಗಿದೆ, ಅಷ್ಟೇ. ಬೆಳ್ಳಗಾದ್ಮೇಲೂ ನೀಲಿ ಕೆಳಗೆ ಹೊಳೀತಾನೇ ಇರತ್ತೆ, ಇನ್ನೂ ಜೋರಾಗಿ. ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಈಗಲೇ ಹೋಗಿ ಇಳಿಸಿ. ಇನ್ಮೇಲೆ ಆ ಬೆಳಕು ಬಿದ್ದಷ್ಟು ಹೊತ್ತೂ ಅದರ ಜೀವ ಹೋಗತ್ತೆ."

"ಉಳಿಯತ್ತಾ?"

"ಉಳಿದರೂ ಉಳೀಬಹುದು" ಎಂದಳಷ್ಟೇ.

ಮನೆಗೆ ಬಂದು ದೀಪವನ್ನು ಮೇಲಕ್ಕೆಳೆದು ಗುಂಡಿಯನ್ನು ತೀರಾ ಕೆಳಕ್ಕೆ ತಿರುಗಿಸಿದ. ತೊಟ್ಟಿ ಮಸುಕಾಯಿತು. ನಾಳೆ ಅಕ್ಕ ಕೋಲೂರಿಕೊಂಡು ಬಂದು ಇದನ್ನು ನೋಡುತ್ತಾಳೆ.

"ದೀಪ ಸರಿಯಿರಲಿಲ್ಲ ಅಂದ್ಬಿಡಿ" ಎಂದಳು ಹೆಂಡತಿ. "ಕಡಿಮೆ ಬೆಲೇದು ತಗೋ ಅಂದಿದ್ದು ಅತ್ತಿಗೇನೇ ತಾನೇ?"

ಆ ಮಾತು ಝಗಮಗನ ಮನಸ್ಸಿನಲ್ಲಿ ಕೂತಿತು.

ಮರುದಿನ ಬೀದಿಯಲ್ಲಿ ಕಾರಿನ ಬಾಗಿಲು ಬಡಿದ ಸದ್ದಾಯಿತು. ಝಗಮಗ ತೊಟ್ಟಿಯ ಪಕ್ಕದಲ್ಲೇ ನಿಂತಿದ್ದ. ಮೆಟ್ಟಿಲ ಮೇಲೆ ಅಕ್ಕನ ಊರುಗೋಲು ಟಕ್ ಎಂದಿತು. ಒಳಗೆ ಬರುವಾಗ ಒಂದೇ ಒಂದು ಕ್ಷಣ ಚೆನ್ನಾಗಿ ಕಾಣಲಿ, ಆಮೇಲೆ ಇಳಿಸಿದರಾಯಿತು ಎಂದುಕೊಂಡ. ಅವನು ಬೇಡ ಎನ್ನುವಷ್ಟರಲ್ಲಿ ಅವನ ಕೈ ಪರದೆ ಮುಚ್ಚಿ ನೀಲಿಯನ್ನು ಪೂರ್ತಿ ತಿರುಗಿಸಿಬಿಟ್ಟಿತ್ತು.

ಹಲ್ಲಕ್ಕ ಬಾಗಿಲಲ್ಲೇ ನಿಂತಳು. ನೋವಿಗೆ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು, ಕಣ್ಣಲ್ಲಿ ನೀರು ಬಂತು. "ಅಯ್ಯೋ ನನ್ನ ರಾಜಾ" ಎಂದಳು, ಹವಳಕ್ಕೆ. ಆಮೇಲೆ ತಮ್ಮನಿಗೆ, "ಕುರ್ಚಿ ಎಳಿ. ಇದರ ಮುಂದೆ ಕೂತು ಒಂದು ಲೋಟ ಕಾಫಿ ಕುಡೀಬೇಕು ಅಂತ ಅಲ್ಲಿ ದಿನಾ ಅಂದ್ಕೋತಿದ್ದೆ."

ಕುರ್ಚಿ ಬಂತು, ಕಾಫಿಯೂ ಬಂತು. ಕಾಫಿಯನ್ನು ಇಷ್ಟು ನಿಧಾನವಾಗಿ ಕುಡಿಯುವವರನ್ನು ಝಗಮಗ ಜನ್ಮದಲ್ಲಿ ಕಂಡಿರಲಿಲ್ಲ. ಒಂದು ಗುಟುಕು, ಆಸ್ಪತ್ರೆಯ ಒಂದು ಕಥೆ, ಇನ್ನೊಂದು ಗುಟುಕು. ಬೆಳಕು ಮೇಲಿಂದ ಸುರಿಯುತ್ತಲೇ ಇತ್ತು. ಬಿದ್ದಷ್ಟು ಹೊತ್ತೂ ಅದರ ಜೀವ ಹೋಗತ್ತೆ ಎಂಬ ಮಾತು ಅವನ ಕಿವಿಯಲ್ಲಿ ಗುಂಯ್‌ಗುಟ್ಟಿತು.

"ಅಕ್ಕ, ಒಳಗೆ ಹೋಗಿ ಮಲಗು. ಸೊಂಟಕ್ಕೆ ಒಳ್ಳೇದಲ್ಲ ಹೀಗೆ ಕೂತ್ಕೊಳ್ಳೋದು."

"ಮಲಗಿ ಮಲಗಿ ಸಾಕಾಗಿದೆ ಕಣೋ."

"ದೀಪ ಸ್ವಲ್ಪ ಇಳಿಸ್ಲಾ? ಕಣ್ಣಿಗೆ ಹೊಡೀತಿದೆ."

"ಹೊಡೀಲಿ ಬಿಡೋ. ಇವತ್ತೊಂದಿನ ಇರ್ಲಿ."

ಹೆಂಡತಿ ಅಡುಗೆಮನೆಯ ಬಾಗಿಲಿಂದ ಗಂಡನನ್ನು ನೋಡಿದಳು. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಈಗ ಬಾಯಿಬಿಟ್ಟರೆ ಅಕ್ಕನ ಮುಖದ ಮೇಲಿನ ಆ ಸುಖ ಹೋಗುತ್ತದೆ, ಬಿಡದಿದ್ದರೆ ಹವಳ ಹೋಗುತ್ತದೆ. ಅಕ್ಕ ಇನ್ನೊಂದು ಲೋಟ ಕಾಫಿ ಕೇಳಿದಳು. ಅಷ್ಟೇ, ಅವನಿಂದ ತಡೆಯಲಾಗಲಿಲ್ಲ. ಎದ್ದುಹೋಗಿ ನೀಲಿಯನ್ನು ಪೂರ್ತಿ ಇಳಿಸಿದ, ಪರದೆ ಸರಿಸಿ ಕಿಟಕಿಯ ಬೆಳಕು ಬಿಟ್ಟ.

ಹಲ್ಲಕ್ಕ ಲೋಟವನ್ನು ನೆಲದ ಮೇಲಿಟ್ಟು ಗಾಜಿಗೆ ಮುಖ ತಂದು ನೋಡಿದಳು. ಅಳಲಿಲ್ಲ. ಕೂಗಾಡಲೂ ಇಲ್ಲ. ಅದಾಗಿದ್ದರೆ ಝಗಮಗನಿಗೆ ಹಗುರವಾಗುತ್ತಿತ್ತು.

"ನಂದೇ ತಪ್ಪು" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. "ಕಡಿಮೆ ಬೆಲೇದು ತಗೋ ಅಂದೆ ನೋಡು. ಹಾಳಾದ ಜಿಪುಣತನ."

ಝಗಮಗ ರಾತ್ರಿಯೆಲ್ಲ ಮನಸ್ಸಿನಲ್ಲಿಟ್ಟುಕೊಂಡಿದ್ದ ಸುಳ್ಳನ್ನು ಅಕ್ಕ ತಾನೇ ಎತ್ತಿ ಅವನ ಕೈಗೆ ಕೊಟ್ಟಿದ್ದಳು. ಅವನು ಸುಮ್ಮನಿದ್ದರೆ ಸಾಕಿತ್ತು. ಹೆಂಡತಿ ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳುತ್ತಿದ್ದಳು.

"ದೀಪ ಚೆನ್ನಾಗೇ ಇದೆ ಅಕ್ಕ. ಬೆಲೆಗೆ ಮೋಸವಿಲ್ಲ. ಅಂಗಡಿಯವರು ನಿಧಾನಕ್ಕೆ ಏರಿಸಿ ಅಂದ್ರು, ಮೀಟರ್ ಕೊಡೋಕೆ ಬಂದ್ರು. ನಾನೇ ಬೇಡ ಅಂದೆ. ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ ಪೂರ್ತಿ ಹಾಕ್ದೆ. ನಿನ್ನೇನೇ ಗೊತ್ತಾಯ್ತು. ಈಗ್ಲೂ ನೀನು ಬರೋ ಹೊತ್ತಿಗೆ ನಾನೇ ಏರಿಸ್ದೆ."

"ಈಗ್ಲೂ?"

"ಹೂಂ."

ಹಲ್ಲಕ್ಕ ಅವನನ್ನು ನೋಡಿದ ನೋಟಕ್ಕಿಂತ ಕಪಾಳಕ್ಕೆ ನಾಲ್ಕು ಬಾರಿಸಿದ್ದರೆ ವಾಸಿಯಿತ್ತು. ಆಮೇಲೆ, "ಮೇಜಿನ ಮೇಲೆ ನನ್ನ ಹಲ್ಲಿನ ಪಟ್ಟಿ ಇದೆ, ತಾ" ಎಂದಳು.

ರೋಗಿಯ ಹಲ್ಲಿನ ಬಣ್ಣ ಹೊಂದಿಸಲು ಇಟ್ಟುಕೊಳ್ಳುವ ಮಾದರಿ ಹಲ್ಲುಗಳ ಸಾಲು ಅದು. ಒಂದು ತುದಿಯಲ್ಲಿ ಅಚ್ಚ ಬಿಳುಪು, ಇನ್ನೊಂದು ತುದಿಯಲ್ಲಿ ಕಂದು ಹಳದಿ. ಅವಳು ಯಾವತ್ತೂ ದೀಪದ ಬೆಳಕಲ್ಲಿ ಬಣ್ಣ ಹೊಂದಿಸಿದವಳಲ್ಲ. ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಹಲ್ಲನ್ನು ಗಾಜಿಗೆ ಒತ್ತಿ ಹವಳದ ಪಕ್ಕ ಹಿಡಿದು ನೋಡಿದಳು. ತುದಿಯದೇ ಹೊಂದಿತು.

"ಇದು ಇವತ್ತಿನ ಬಣ್ಣ. ಜೀವ ವಾಪಸ್ ಬಂದ್ರೆ ಪಕ್ಕದ ಹಲ್ಲಿಗೆ ಜರುಗತ್ತೆ. ದಿನಾ ಬಂದು ನೀರು ನೋಡ್ಕೋ. ಮೀಟರ್ ಇಸ್ಕೊಂಡು ಬಾ. ಗುಂಡಿ ಮಾತ್ರ ಮುಟ್ಟಿದ್ರೆ ನೋಡು."

ಅವನು ಮುಟ್ಟಲಿಲ್ಲ. ದಿನಾ ಬಂದ, ಅಂದಿದ್ದಷ್ಟು ಮಾಡಿದ, ಹೋದ. ಅಕ್ಕ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಂದು ವಾರ ಕಳೆದ ಮೇಲೆ ಬೆಳಿಗ್ಗೆ ಪರದೆ ಸರಿಸಿ, ಹಲ್ಲಿನ ಪಟ್ಟಿಯನ್ನು ಅವನ ಕೈಗಿಟ್ಟಳು.

"ನೀನು ನೋಡಿ ಹೇಳು."

ಝಗಮಗ ತುದಿಯ ಹಲ್ಲನ್ನು ಹಿಡಿದ, ಪಕ್ಕದ್ದನ್ನು ಹಿಡಿದ. ಅಕ್ಕನ ಕಣ್ಣು ಅವನ ಮುಖದ ಮೇಲೇ ಇತ್ತು, ಅದರಲ್ಲಿ ಆಸೆ ತುಂಬಿತ್ತು. ಸ್ವಲ್ಪ ಓರೆಯಾಗಿ ಹಿಡಿದರೆ ಎರಡನೆಯದು ಹೊಂದಿದಂತೆಯೇ ಕಾಣುತ್ತಿತ್ತು. ಓರೆಯಾಗಿ ಹಿಡಿಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಹೊಟ್ಟೆಪಾಡೇ ಅದು. ಅವನು ಹಲ್ಲನ್ನು ನೇರ ಮಾಡಿದ.

"ಏನೂ ಬದಲಾಗಿಲ್ಲ ಅಕ್ಕ. ಹೋದ ವಾರದ್ದೇ."

ಅವಳ ಮುಖ ಬಾಡಿತು. ಪಟ್ಟಿಯನ್ನು ವಾಪಸ್ ಇಸಿದುಕೊಂಡು ತಾನೂ ಹಿಡಿದು ನೋಡಿದಳು, ತಲೆಯಾಡಿಸಿದಳು.

"ಹೌದು, ಹೋದ ವಾರದ್ದೇ" ಎಂದಳು. ಆಮೇಲೆ ಊರುಗೋಲಿನಿಂದ ಪಕ್ಕದ ಕುರ್ಚಿಯನ್ನು ಅವನ ಕಡೆ ತಳ್ಳಿದಳು. "ಕೂತ್ಕೋ. ಕಾಫಿ ಕುಡ್ಕೊಂಡು ಹೋಗು."