ಚೆಕಾಮ್

ಬಾಸ್ನಿಯಾ ಯುದ್ಧದಿಂದ ಪಾರಾಗಿ ಅಮೆರಿಕದ ಡುಲುತ್‌ಗೆ ಬಂದಿದ್ದ ಪಕ್ಕದ ಅಪಾರ್ಟ್‌ಮೆಂಟಿನ ಫಾಹಿರಾ ನನಗೆ ತನ್ನ ಭಾಷೆಯ ದಿನಕ್ಕೊಂದು ಕ್ರಿಯಾಪದ ಕಲಿಸುತ್ತಿದ್ದಳು. ಆ ಬೆಳಿಗ್ಗೆಯದು ‘ಕಾಯು’. ಚೆಕಾಮ್ ಎಂದರೆ ಕಾಯುತ್ತೇನೆ, ಚೆಕಾಶ್ ಎಂದರೆ ಕಾಯುತ್ತೀಯೆ, ಚೆಕಾಮೊ ಎಂದರೆ ಕಾಯುತ್ತೇವೆ.

ಅಷ್ಟರಲ್ಲಿ ನನ್ನ ಗಂಡ ಭುಜಂಗ ಇಂಟರ್‌ವ್ಯೂಗೆಂದು ಷಾರ್ಲೆಟ್‌ಗೆ ಹೊರಟರು. ಈ ಕೆಲಸವೂ ಸಿಗದಿದ್ದರೆ ವೀಸಾ ಮುಗಿದಂತೆಯೇ. “ಹೋಗ್ಬರ್ತೀನಿ ಸರೂ” ಎಂದರು. ಕಾರು ತಿರುವು ದಾಟುವಷ್ಟರಲ್ಲಿ ಫಾಹಿರಾ ನನ್ನ ಅಡುಗೆಮನೆಯಿಂದ ಜಗ್ ತುಂಬ ನೀರು ತಂದು ಬಾಗಿಲಾಚೆ ಸುರಿಯತೊಡಗಿದಳು.

ನಮ್ಮಲ್ಲಿ ಹಾಗೆ ಬಾಗಿಲು ತೊಳೆಯುವುದು ಹೆಣ ಹೋದ ಮೇಲೆ. ನನ್ನ ಮೈಯೆಲ್ಲ ಉರಿದುಹೋಯಿತು. ಜಗ್ ಕಿತ್ತುಕೊಂಡು, “ತಲೆ ಕೆಟ್ಟಿದ್ಯಾ ನಿಂಗೆ?” ಎಂದು ಕನ್ನಡದಲ್ಲೇ ಕಿರುಚಿದೆ.

ಅವಳು ಬೆದರಿ, ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದಳು: “ಹೊರಟವರ ದಾರಿ ನೀರಿನ ಹಾಗೆ ಸಲೀಸಾಗ್ಲಿ ಅಂತ ನಮ್ಮಲ್ಲಿ ಸುರೀತೀವಿ. ನನ್ನ ಗಂಡ ಹೊರಟಾಗ ಮನೇಲಿ ಹನಿ ನೀರಿರ್ಲಿಲ್ಲ. ನೀರು ತರೋಕೇ ಹೋಗಿದ್ದ. ನಾಲ್ಕು ವರ್ಷ ಆಯ್ತು. ಚೆಕಾಮ್.”

ಜಗ್‌ನಲ್ಲಿ ಇನ್ನೂ ಅರ್ಧ ನೀರಿತ್ತು. ಕಾರು ಹೋದ ದಾರಿಗೆ ನಾನೇ ಅದನ್ನು ಸುರಿದೆ.

“ಚೆಕಾಮೊ” ಎಂದೆ.